ಸಾಲಿಮಠರು ಅಳಿಸಿದ ಇಪ್ಪತ್ತಮೂರು ‘ಇಲ್ಲ’

ಗೋಪನಕೊಪ್ಪದ ಚನ್ನಯ್ಯ ಸಾಲಿಮಠರು ಮೂವತ್ತಾರು ವರ್ಷ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದುವುದನ್ನು ಕಲಿತು, ಕಂಪ್ಯೂಟರ್ ಬಂದ ಮೇಲೂ ಅದೇ ಕುರ್ಚಿಯಲ್ಲಿ ಕೂತು ನಿವೃತ್ತರಾದರು. ಪಂಚಾಂಗ, ಹತ್ತನೇ ಇಯತ್ತೆಯ ಗೈಡು, ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಯಾವುದೇ ಇರಲಿ, ಅವರ ಕೆಂಪು ಪೆನ್ನನ್ನು ದಾಟಿಯೇ ಹೊರಗೆ ಹೋಗಬೇಕಿತ್ತು. ತಮ್ಮ ಇಡೀ ನೌಕರಿಯಲ್ಲಿ ಒಂದೇ ಒಂದು ತಪ್ಪು ಅಚ್ಚಾಗಿ ಹೋಯಿತು, ಅದೂ ತಾವು ಕಾಮಾಲೆಯಾಗಿ ರಜೆಯಲ್ಲಿದ್ದಾಗ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕೇಳುವವರು ಇಲ್ಲದಾಗ ಹೆಂಡತಿಗೇ ಹೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ಮನುಷ್ಯ ಕೂತ, ಕಣ್ಣು ಕೂರಲಿಲ್ಲ. ಹೋಟೆಲಿನ ದರಪಟ್ಟಿಯಲ್ಲಿ ‘ಉಪ್ಪಿಟು’ ಕಂಡರೆ ಅವರಿಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ತಿದ್ದಿ ಕೊಟ್ಟವರ ಕೈಗೇ ತಿರುಗಿ ಕೊಡುತ್ತಿದ್ದರು. ಹಾಗೆ ತಿದ್ದಿಸಿಕೊಂಡವರು ಮುಂದಿನ ಮಗಳ ಮದುವೆಗೆ ಕರೆಯಲು ಬರಲಿಲ್ಲ. ಒಮ್ಮೆ ಇವರು ಸಂತೆಗೆ ಹೋಗುವಾಗ ಹೆಂಡತಿ ನಾಗರತ್ನಾ ಬರೆದುಕೊಟ್ಟ ಚೀಟಿಯಲ್ಲಿ ‘ಬೆಳ್ಳೊಳ್ಳಿ’ ಎಂದಿತ್ತು. ಚನ್ನಯ್ಯನವರು ದಾರಿಯುದ್ದಕ್ಕೂ ಅದನ್ನು ‘ಬೆಳ್ಳುಳ್ಳಿ’ ಮಾಡಿದ ಸಂತೋಷದಲ್ಲಿ ನಡೆದು, ಬೆಳ್ಳುಳ್ಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂದರು. ಈ ಕಥೆಯನ್ನು ಈಗ ಅವರೇ ಎಲ್ಲರಿಗೂ ಹೇಳುತ್ತಾರೆ. ಆಗ ಹೇಳುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಉಣಕಲ್ಲಿನ ಒಂದು ಕಾನ್ವೆಂಟಿನಿಂದ ಸಿಸ್ಟರ್ ಇನಾಸಿಯಾ ಅವರನ್ನು ಹುಡುಕಿಕೊಂಡು ಬಂದರು. ಎಪ್ಪತ್ತೆಂಟು ವರ್ಷದ ಸನ್ಯಾಸಿನಿ. ಮೂಲ ಕಾರವಾರದ ಕಡೆ, ಮನೆಮಾತು ಕೊಂಕಣಿ, ಆದರೆ ನಲವತ್ತು ವರ್ಷ ಇಲ್ಲಿನ ಮಕ್ಕಳಿಗೆ ಗಣಿತ ಕಲಿಸಿ ಕಲಿಸಿ ಮಾತು ಪೂರ್ತಿ ಈ ಕಡೆಯದೇ ಆಗಿತ್ತು. ಅವರ ಶಾಲೆಯ ವಾರ್ಷಿಕ ಸಂಚಿಕೆ ಚನ್ನಯ್ಯನವರ ಮುದ್ರಣಾಲಯದಲ್ಲೇ ಅಚ್ಚಾಗುತ್ತಿದ್ದುದರಿಂದ ಪರಿಚಯವಿತ್ತು. ಸಿಸ್ಟರ್ ಚೀಲದಿಂದ ದಾರ ಕಟ್ಟಿದ ನಾಲ್ಕು ಫೈಲು ತೆಗೆದು ಮೇಜಿನ ಮೇಲಿಟ್ಟರು. ಕಳೆದ ಶತಮಾನದಲ್ಲಿ ಬಾಳಿದ ಒಬ್ಬ ಜರ್ಮನ್ ಪಾದ್ರಿಯ ಆಯ್ದ ಬರಹಗಳು. ಕಥೋಲಿಕರ ನಡುವೆ ಬಹಳ ದೊಡ್ಡ ದೈವಶಾಸ್ತ್ರಜ್ಞನೆಂದು ಹೆಸರಾದವರು. ಸಿಸ್ಟರ್ ನಿವೃತ್ತಿಯಾದ ಮೇಲೆ ಅಂಚೆಯ ಕೋರ್ಸಿನಲ್ಲಿ ಜರ್ಮನ್ ಕಲಿತು, ದಪ್ಪ ನಿಘಂಟೊಂದನ್ನು ಪಕ್ಕದಲ್ಲಿಟ್ಟುಕೊಂಡು, ಹನ್ನೊಂದು ವರ್ಷ ಕೂತು ಅವನ್ನು ಕನ್ನಡಕ್ಕೆ ತಂದಿದ್ದರು.

“ನನ್ನ ಎರಡೂ ಕಣ್ಣಿಗೆ ಪೊರೆ ಬಂದೇತ್ರಿ,” ಎಂದರು. “ಒಂದರ ಹಿಂದ ಒಂದು ಆಪರೇಶನ್ ಅಂತ. ಡಾಕ್ಟರು ಓದೂದು ಬರಿಯೂದು ಬಂದ್ ಅಂದಾರ. ಬೈರಿದೇವರಕೊಪ್ಪದಾಗ ಒಬ್ಬಾಕಿ ಟೈಪ್ ಮಾಡಾಕತ್ತಾಳ. ಕರಡು ನೀವು ನೋಡ್ರಿ. ನನ್ನ ಕಣ್ಣು ಬರೂಮಟಾ ನಿಮ್ಮ ಕಣ್ಣ ನನ್ನ ಕಣ್ಣು.”

ಚನ್ನಯ್ಯನವರು ಎದ್ದು ನಿಂತು ಕೈಮುಗಿದರು. ಆ ಮಾತು ತಮ್ಮ ಮೂವತ್ತಾರು ವರ್ಷಕ್ಕೆ ಸಂದ ಬಿರುದೆಂದೇ ಅವರಿಗೆ ಅನ್ನಿಸಿತ್ತು. ಸಿಸ್ಟರ್ ಹೋದ ಮೇಲೆ ಹೊಸ ಕೆಂಪು ಪೆನ್ನು ಎರಡು ತಂದರು.

ಜರ್ಮನ್ ಪಾದ್ರಿಯ ಹೆಸರು ಆ ಮನೆಯಲ್ಲಿ ಯಾರ ನಾಲಿಗೆಗೂ ಹೊಂದಲಿಲ್ಲ. ನಾಗರತ್ನಾ ಎರಡು ಸಲ ಪ್ರಯತ್ನಿಸಿ ‘ಜರ್ಮನ್ ಅಜ್ಜಾರು’ ಎಂದು ಕರೆದುಬಿಟ್ಟರು. ಅಜ್ಜನ ವಾಕ್ಯಗಳು ಅಸಾಧ್ಯ ಉದ್ದ. ಒಂದು ಪುಟದಲ್ಲಿ ಹೊರಟ ವಾಕ್ಯ ಮುಂದಿನ ಪುಟದಲ್ಲಿ ಎಲ್ಲೋ ಮುಟ್ಟುತ್ತಿತ್ತು. ಮದುವೆಮನೆಯಲ್ಲಿ ಕಳೆದ ಚಪ್ಪಲಿ ಹುಡುಕಿದ ಹಾಗೆ ಚನ್ನಯ್ಯನವರು ಕ್ರಿಯಾಪದ ಹುಡುಕುತ್ತಿದ್ದರು.

“ಏನಂತಾರ್ರಿ ಜರ್ಮನ್ ಅಜ್ಜಾರು ಇವತ್ತ?” ಎಂದು ನಾಗರತ್ನಾ ಚಹಾ ತಂದಾಗ ಕೇಳುವರು.

“ಕರುಣಾ ಬಗ್ಗೆ ಬರದಾರ,” ಎನ್ನುವರು ಇವರು.

“ಏನ್ ಬರದಾರ?”

“ಅದೆಲ್ಲಾ ನಿನಗ ತಿಳಿಯೂದಿಲ್ಲ ಬಿಡು.”

ತಮಗೂ ತಿಳಿದಿರಲಿಲ್ಲ. ಅವರು ಓದುತ್ತಿದ್ದದ್ದು ಒತ್ತು, ದೀರ್ಘ, ಅಲ್ಪವಿರಾಮಗಳನ್ನು. ಅಜ್ಜ ಏನು ಹೇಳಿದ ಎನ್ನುವುದು ಮೂವತ್ತಾರು ವರ್ಷದ ನೌಕರಿಯಲ್ಲಿ ಯಾರೂ ಅವರಿಂದ ಕೇಳಿರದ ಪ್ರಶ್ನೆ.

ಹೀಗೆ ನಲವತ್ತು ಪುಟ ಸುಸೂತ್ರವಾಗಿ ದಾಟಿತು. ನಲವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯ ಹೀಗಿತ್ತು: ‘ಎಷ್ಟು ತಿಳಿದರೂ ದೇವರು ನಮಗೆ ಅರ್ಥವಾಗಿ ಮುಗಿಯುವುದಿಲ್ಲ.’ ಕೆಂಪು ಪೆನ್ನು ನಿಂತಿತು. ಇದೆಂಥ ಮಾತು? ಅಜ್ಜ ಆರುನೂರ ನಲವತ್ತು ಪುಟ ಬರೆದದ್ದು ದೇವರ ಬಗ್ಗೆಯೇ. ಅರ್ಥವಾಗುವುದೇ ಇಲ್ಲ ಎಂದಿದ್ದರೆ ಅಷ್ಟು ಬರೆಯುವ ಅಗತ್ಯವೇನಿತ್ತು? ಟೈಪ್ ಮಾಡಿದ ಹುಡುಗಿ ಹಿಂದಿನ ಪುಟದಲ್ಲಿ ಒಂದು ‘ಇಲ್ಲ’ವನ್ನು ಬಿಟ್ಟಿದ್ದಳು, ಅದನ್ನು ಚನ್ನಯ್ಯನವರೇ ಹಿಡಿದಿದ್ದರು. ಅಲ್ಲಿ ಬಿಟ್ಟವಳು ಇಲ್ಲಿ ಸೇರಿಸಿರಬೇಕು. ಕೈಬರಹ ತೆಗೆದು ನೋಡಿದರು. ಅಲ್ಲಿಯೂ ‘ಇಲ್ಲ’ವೇ ಇತ್ತು. ಆಗಲಾದರೂ ಸುಮ್ಮನಾಗಬಹುದಿತ್ತು. ಆದರೆ ಅವರ ತಲೆಗೆ ಬಂದದ್ದು ಪಾಪ, ಸಿಸ್ಟರ್ ಕಣ್ಣಿಗೆ ಪೊರೆ ಎಂಬ ಮಾತು. ‘ಮುಗಿಯುವುದಿಲ್ಲ’ ಎನ್ನುವುದನ್ನು ಹೊಡೆದು ಹಾಕಿದರು. ‘ತಿಳಿದಂತೆಲ್ಲ ದೇವರು ನಮಗೆ ಅರ್ಥವಾಗುತ್ತಾನೆ’ ಎಂದು ಮಾಡಿದರು. ಓದಿದರು. ಎಷ್ಟು ಸರಾಗವಾಯಿತು!

ಸಿಸ್ಟರನ್ನು ಕೇಳಬೇಕು ಅನ್ನಿಸಲಿಲ್ಲವೆಂದಲ್ಲ. ಹಿಂದಿನ ವಾರ ಒಂದು ಅಲ್ಪವಿರಾಮದ ಸಲುವಾಗಿ ಫೋನ್ ಮಾಡಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಸಿಸ್ಟರ್, “ಅಷ್ಟಷ್ಟಕ್ಕ ನನ್ನ ಕೇಳಬ್ಯಾಡ್ರಿ, ನೀವ ನೋಡಿ ಸರಿ ಮಾಡ್ರಿ,” ಎಂದಿದ್ದರು. ಚನ್ನಯ್ಯನವರು ಅದನ್ನು ಪೂರ್ಣ ಅಧಿಕಾರಪತ್ರವೆಂದು ತಿಳಿದರು. ‘ಇಲ್ಲ’ ಎಂಬುದೂ ಅಲ್ಪವಿರಾಮಕ್ಕಿಂತ ಎರಡೇ ಅಕ್ಷರ ದೊಡ್ಡದಲ್ಲವೇ!

ಒಮ್ಮೆ ದಾರಿ ಸಿಕ್ಕ ಮೇಲೆ ಮುಂದೆ ಎಲ್ಲೆಡೆ ಅದೇ ರೋಗ ಕಾಣತೊಡಗಿತು. ಅಜ್ಜ ‘ಇಲ್ಲ’ ಎಂದಲ್ಲೆಲ್ಲ ಇವರು ‘ಇದೆ’ ಎನ್ನಿಸಿದರು. ‘ನಿಲುಕದು’ ಎಂಬುದು ‘ನಿಲುಕುವುದು’ ಆಯಿತು. ಒಂದು ಕಡೆ ‘ಉತ್ತರ ಸಿಗದ ಪ್ರಾರ್ಥನೆಯೂ ಪ್ರಾರ್ಥನೆಯೇ’ ಎಂದಿತ್ತು. ‘ಯೂ, ಯೇ’ ಎರಡೂ ಒಟ್ಟಿಗೆ ಬಂದು ಕಿವಿಗೆ ಕರ್ಕಶವಾಗುತ್ತದೆ ಎಂದು ಮೊದಲಿನದನ್ನು ತೆಗೆದರು, ತೆಗೆದ ಮೇಲೆ ಅರ್ಥ ಹೊಂದದ ಕಾರಣ ‘ಸಿಗದ’ ಎಂಬುದನ್ನು ‘ಸಿಗುವ’ ಮಾಡಿ, ಉಳಿದ ‘ಯೇ’ಯನ್ನು ಮೊದಲ ಪದಕ್ಕೆ ಸರಿಸಿದರು. ‘ಉತ್ತರ ಸಿಗುವ ಪ್ರಾರ್ಥನೆಯೇ ಪ್ರಾರ್ಥನೆ.’ ಅಚ್ಚುಕಟ್ಟಾಯಿತು ಎಂದು ತಲೆದೂಗಿದರು.

ಬೈರಿದೇವರಕೊಪ್ಪದ ಮುಖ್ಯರಸ್ತೆಯ ಒಳಗಡೆ ಒಂದು ಝೆರಾಕ್ಸ್ ಅಂಗಡಿಯ ಅರ್ಧಭಾಗದಲ್ಲಿ ಟೈಪಿಂಗ್ ಕೆಲಸ ನಡೆಸುತ್ತಿದ್ದವಳು ಆರ್ಜೂ. ಇಪ್ಪತ್ತಾರರ ಹೆಣ್ಣುಮಗಳು, ಕೀಲಿಮಣೆ ನೋಡದೆ ಕನ್ನಡ ಬಡಿಯುವವಳು. ತಿದ್ದಿದ ಕರಡನ್ನು ಅವಳು ಮೊದಲಿನಿಂದ ಇನ್ನೊಮ್ಮೆ ತಿರುವಿದಳು.

“ಸರ್, ಎಲ್ಲಾ ಕಡೆ ‘ಇಲ್ಲ’ ತಗಿ ಅಂತ ಬರದೀರಲ್ರಿ, ಖರೇನ?”

“ಮತ್ತ ಸುಳ್ಳ ಬರೀತೇನೇನು?”

“ಹಂಗಲ್ರಿ. ಈ ಅಜ್ಜಾರು ಇಡೀ ಪುಸ್ತಕದಾಗ ಅದನ್ನ ಹೇಳ್ಯಾರ್ರಿ. ತಿಳಿಯೂದಿಲ್ಲ, ಮುಗಿಯೂದಿಲ್ಲ, ಆದ್ರೂ ಬಿಡೂದಿಲ್ಲ ಅಂತ. ಟೈಪ್ ಮಾಡಿ ಮಾಡಿ ನನಗ ಬಾಯಿಪಾಠ ಆಗೇತಿ. ಸಿಸ್ಟರನ್ನ ಒಮ್ಮಿ ಕೇಳೂಣೇನ್ರಿ?”

“ತಂಗಿ,” ಎಂದರು ಚನ್ನಯ್ಯನವರು ಕನ್ನಡಕ ತೆಗೆದು, “ನೀ ಹುಟ್ಟೂಕಿಂತ ಮೊದಲ ನಾ ಮೊಳಿ ಓದತಿದ್ದೆ. ದೇವರು ತಿಳಿಯೂದಿಲ್ಲ ಅನ್ನೂದಿದ್ರ ಆ ಮನಷ್ಯಾಗ ಇಷ್ಟು ಬರಿಯೂ ಜರೂರತ್ತ ಏನಿತ್ತು? ಒಂದ ಪೋಸ್ಟ್ ಕಾರ್ಡ್ ಸಾಕಾಗತಿತ್ತು.”

ಆರ್ಜೂ ವಾದ ಮಾಡಲಿಲ್ಲ. ಹೇಳಿದ ಹಾಗೆ ತಿದ್ದಿದಳು. ಆದರೆ ಕೆಂಪು ಗುರುತಿನ ಹಾಳೆಗಳನ್ನು ರದ್ದಿಗೆ ಹಾಕದೆ ಒಂದು ಕವರಿನಲ್ಲಿಟ್ಟು ತನ್ನ ಡ್ರಾವರಿಗೆ ಸೇರಿಸಿದಳು. ನಾಳೆ ಯಾರಾದರೂ ತನ್ನ ಮೇಲೆ ಹೊರಿಸಿದರೆ ಇರಲಿ ಎಂದು.

ಐದುನೂರು ಪ್ರತಿ ಅಚ್ಚಾದವು. ಬಿಡುಗಡೆಯ ದಿನ ಕಾನ್ವೆಂಟ್ ಶಾಲೆಯ ಸಭಾಂಗಣದಲ್ಲಿ ಅರವತ್ತು ಜನ ಸೇರಿದ್ದರು, ಎಲ್ಲರಿಗೂ ಒಂದೊಂದು ಪ್ರತಿ ಉಡುಗೊರೆ. ಸಿಸ್ಟರ್ ಇನಾಸಿಯಾ ಹೊಸ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ದಿನ ಬೆಳಿಗ್ಗೆಯೇ ಓದಲು ಅಪ್ಪಣೆ ಸಿಕ್ಕಿತ್ತು. ಚನ್ನಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎರಡನೆಯ ಸಾಲಿನಲ್ಲಿ, ಪಕ್ಕದಲ್ಲಿ ನಾಗರತ್ನಾ.

ಪುಸ್ತಕದ ಬಗ್ಗೆ ಮಾತಾಡಲು ಧಾರವಾಡದಿಂದ ಕನ್ನಡ ಅಧ್ಯಾಪಕ ಅಮರೇಶ ಬಂದಿದ್ದ. ಒಳ್ಳೆಯ ಮಾತುಗಾರ. ನಲವತ್ತೊಂದನೆಯ ಪುಟ ತೆಗೆದು, ಗಟ್ಟಿ ದನಿಯಲ್ಲಿ ಓದಿದ: “‘ತಿಳಿದಂತೆಲ್ಲ ದೇವರು ನಮಗೆ ಅರ್ಥವಾಗುತ್ತಾನೆ.’ ಈ ದೈವಶಾಸ್ತ್ರಜ್ಞರ ಆತ್ಮವಿಶ್ವಾಸ ನೋಡಿ! ಎಲ್ಲಿಯೂ ಸಂಶಯಕ್ಕೆ ಎಡೆಯೇ ಇಲ್ಲ!”

ಜನ ಚಪ್ಪಾಳೆ ತಟ್ಟಿದರು. ಸಿಸ್ಟರ್ ತಲೆ ಎತ್ತಿದರು. ತೊಡೆಯ ಮೇಲಿದ್ದ ಪುಸ್ತಕ ತೆರೆದು ಆ ಪುಟ ನೋಡಿದರು. ಇನ್ನೊಂದು ಪುಟ ತಿರುವಿದರು, ಮತ್ತೊಂದು. ಚನ್ನಯ್ಯನವರು ಹೆಂಡತಿಯ ಮೊಣಕೈ ತಿವಿದು, “ನೋಡಲ್ಲೆ, ಒಂದೂ ತಪ್ಪ ಸಿಗವಲ್ದು ಅಂತ ಹುಡುಕಾಕತ್ತಾರ,” ಎಂದು ಪಿಸುಗುಟ್ಟಿದರು.

ಸಮಾರಂಭ ಮುಗಿದ ಮೇಲೆ ಸಿಸ್ಟರ್ ಹತ್ತಿರ ಬಂದು ಇಷ್ಟೇ ಹೇಳಿದರು: “ಚನ್ನಯ್ಯನವರ, ನಾಳೆ ನಾಲ್ಕಕ್ಕ ಒಂದಿಷ್ಟು ಬರ್ತೀರೇನ್ರಿ?”

ಮರುದಿನ ಚನ್ನಯ್ಯನವರು ಹೊರಡುವಾಗ ಎರಡು ಖಾಲಿ ಕೈಚೀಲ ತೆಗೆದುಕೊಂಡರು. ಯಾಕೆಂದು ನಾಗರತ್ನಾ ಕೇಳಿದ್ದಕ್ಕೆ, “ಶಾಲು ಹಣ್ಣಿನ ಬುಟ್ಟಿ ಕೊಟ್ರ ಬಸ್ಸಿನ್ಯಾಗ ಹೆಂಗ ತರೂದು?” ಎಂದರು. ಎರಡನೆಯ ಚೀಲ ಯಾವುದಕ್ಕೆಂದು ಇಂದಿಗೂ ಅವರಿಗೆ ಹೇಳಲಾಗುವುದಿಲ್ಲ. ಹೆಂಡತಿಯೂ ಸನ್ಮಾನ ನೋಡಲಿ ಎಂದು ಜೊತೆಗೆ ಕರೆದುಕೊಂಡೇ ಹೋದರು.

ಕಾನ್ವೆಂಟಿನ ಭೇಟಿಕೋಣೆಯಲ್ಲಿ ಮೇಜಿನ ಮೇಲೆ ಎರಡೇ ವಸ್ತುಗಳಿದ್ದವು. ಸಿಸ್ಟರ ಕೈಬರಹದ ಫೈಲು ಮತ್ತು ಅಚ್ಚಾದ ಪುಸ್ತಕ. ಎರಡರಲ್ಲೂ ಅಮರೇಶ ಓದಿದ ವಾಕ್ಯದ ಜಾಗ ತೆರೆದಿತ್ತು.

“ಓದ್ರಿ,” ಎಂದರು ಸಿಸ್ಟರ್. “ಎರಡೂ.”

ಚನ್ನಯ್ಯನವರು ಓದಿದರು. ಓದಿ, ಕಣ್ಣಿನ ಪೊರೆಯ ಮಾತೆತ್ತದೆ, “ಅದ ಟೈಪಿಂಗ್ ತಪ್ಪಿತ್ರಿ, ನಾ ಸರಿ ಮಾಡಿದೆ,” ಎಂದರು. ದನಿಯಲ್ಲಿ ಇನ್ನೂ ಶಾಲಿನ ನಿರೀಕ್ಷೆ ಇತ್ತು.

“ಟೈಪಿಂಗ್ ತಪ್ಪಲ್ರಿ. ನಾ ಬರದದ್ದ ಹಂಗ. ಅವರು ಬರದದ್ದೂ ಹಂಗ.” ಸಿಸ್ಟರ್ ಆ ಸಾಲಿನ ಮೇಲೆ ಬೆರಳಿಟ್ಟರು. “ಹನ್ನೊಂದು ವರ್ಷ ನಾ ಈ ‘ಇಲ್ಲ’ದ ಹಿಂದ ಇದ್ದೆ. ನೀವು ಕೆಂಪು ಪೆನ್ನಿನಿಂದ ಅದನ್ನ ತಗದೀರಿ. ನನಗ ಸಿಟ್ಟು ಬಂದೇತ್ರಿ ಚನ್ನಯ್ಯನವರ. ಸುಳ್ಳ ಹೇಳೂದಿಲ್ಲ.”

ಚನ್ನಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಪೋಸ್ಟ್ ಕಾರ್ಡಿನ ವಾದ ನಾಲಿಗೆಯ ತುದಿಗೆ ಬಂತು, ಬೇರೇನೂ ತೋಚದೆ ಅದನ್ನೇ ಹೇಳಿದರು. ತಿಳಿಯುವುದಿಲ್ಲ ಅನ್ನುವುದಾದರೆ ಅಷ್ಟು ಪುಟ ಯಾಕೆ?

ಸಿಸ್ಟರ್ ಅವರನ್ನು ನೋಡಿದರು. ನಲವತ್ತು ವರ್ಷ ಹಿಂದಿನ ಬೆಂಚಿನ ಮಕ್ಕಳನ್ನು ನೋಡಿದ್ದ ನೋಟ ಅದು. “ಒಂದು ಎರಡು ಮೂರು ಅಂತ ಎಣಿಸ್ಕೋತ ಹೋಗ್ರಿ. ಎಲ್ಲಿ ಮುಗೀತೇತಿ?”

“ಮುಗಿಯೂದಿಲ್ರಿ.”

“ಮುಗಿಯೂದಿಲ್ಲಂತ ನೀವು ಎಣಿಸಿದ್ದು ಸುಳ್ಳಾತೇನು? ನೂರು ಅನ್ನೂದು ಗೊತ್ತಿಲ್ಲಂತ ಆತೇನು? ನೂರೂ ಖರೇ, ಸಾವಿರಾನೂ ಖರೇ, ಮುಂದ ಐತಿ ಅನ್ನೂದೂ ಖರೇ. ಅಜ್ಜಾರು ಹೇಳೂದು ಇಷ್ಟ. ದೇವರು ಕತ್ತಲಿ ಅಂತ ಅವರು ಎಲ್ಲೂ ಹೇಳಿಲ್ಲ, ನಮ್ಮ ಕೈಯಾಗ ಹಿಡಿಯೂ ವಸ್ತು ಅಲ್ಲ ಅಂತ ಹೇಳ್ಯಾರ. ಅಂವಾ ದೂರ ಅದಾನಂತಲ್ಲ, ಹತ್ರ ಇದ್ದದ್ದಕ್ಕ ತಿಳಿದು ಮುಗಿಯವಲ್ಲ.”

ನಾಗರತ್ನಾ ಅಲ್ಲಿಯವರೆಗೆ ಖಾಲಿ ಚೀಲಗಳನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ಕೂತಿದ್ದರು. ಈಗ ಅವರೇ ಕೇಳಿದರು: “ಈಗ ಏನ್ ಮಾಡೂದ್ರಿ ಸಿಸ್ಟರ್? ಮತ್ತ ಅಚ್ಚು ಹಾಕ್ಸಾಕ ಆಗ್ತೇತೇನು?”

ಮತ್ತೆ ಅಚ್ಚು ಹಾಕುವ ಶಕ್ತಿ ಕಾನ್ವೆಂಟಿಗಿರಲಿಲ್ಲ. ಒಪ್ಪೋಲೆ ಅಂಟಿಸುವುದೆಂದು ತೀರ್ಮಾನವಾಯಿತು. ತಪ್ಪು ಯಾವುದು, ಸರಿ ಯಾವುದು ಎಂದು ಪಟ್ಟಿ ಮಾಡಿದ ಚೀಟಿ. ಅದಕ್ಕಿಂತ ದೊಡ್ಡ ಅವಮಾನ ಕರಡು ತಿದ್ದುವವನಿಗೆ ಇಲ್ಲ. ಬೇರೆಯವರ ಪುಸ್ತಕದಲ್ಲಿ ಒಪ್ಪೋಲೆ ಕಂಡಾಗಲೆಲ್ಲ ಚನ್ನಯ್ಯನವರು ಊಟಕ್ಕೆ ಕೂತಲ್ಲಿಯೂ ಅದನ್ನು ನೆನೆದು ನಗುತ್ತಿದ್ದರು.

ಮರುದಿನ ಆರ್ಜೂಳ ಅಂಗಡಿಗೆ ಹೋಗಿ, ಝೆರಾಕ್ಸ್ ಮಾಡಿಸಲು ನಿಂತ ನಾಲ್ಕು ಜನರ ಮುಂದೆಯೇ, “ತಂಗಿ, ನೀ ಅಂದಿದ್ದ ಖರೇ ಇತ್ತವಾ. ನಂದು ತಪ್ಪಾತು,” ಎಂದರು. ಆರ್ಜೂ ಡ್ರಾವರ್ ಎಳೆದು ಕವರು ತೆಗೆದಳು. ಇಬ್ಬರೂ ಕೂತು ಎಣಿಸಿದರು. ಇಪ್ಪತ್ತಮೂರು ಜಾಗ. ಪಟ್ಟಿಯನ್ನು ಚನ್ನಯ್ಯನವರು ಬರೆದುಕೊಟ್ಟರು, ಅವಳು ಟೈಪ್ ಮಾಡಿದಳು. ಕರಡು ಕೈಗೆ ಕೊಟ್ಟಾಗ ಇವರು ಹಿಂದೆ ಸರಿದರು.

“ನೀನ ನೋಡವಾ. ನಾ ಮುಟ್ಟೂದಿಲ್ಲ.”

ಆರ್ಜೂ ನೋಡಿದಳು. “ಸರ್, ಇನ್ನೂರ ಹದಿನಾಲ್ಕನೇ ಪುಟ ಅನ್ನೂದನ್ನ ಇನ್ನೂರ ನಲವತ್ತೊಂದು ಬರದೀರಿ,” ಎಂದಳು. ನಕ್ಕಳು, ಆಮೇಲೆ ತಡೆದುಕೊಂಡಳು. ಚನ್ನಯ್ಯನವರೂ ನಕ್ಕರು. ಆ ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಉಳಿದ ಪ್ರತಿಗಳಿಗೆ ಕಾನ್ವೆಂಟಿನ ಊಟದ ಮೇಜಿನ ಮೇಲೆ ನಾಗರತ್ನಾ ಮತ್ತು ಇಬ್ಬರು ಕಿರಿಯ ಸಿಸ್ಟರುಗಳ ಜೊತೆ ಕೂತು ಚೀಟಿ ಅಂಟಿಸಿದ್ದಾಯಿತು. ಹೊರಗೆ ಹೋದ ಅರವತ್ತನ್ನು ಏನು ಮಾಡುವುದು? ಅಂಚೆಯಲ್ಲಿ ಕಳಿಸೋಣ ಎಂದರು ಸಿಸ್ಟರ್. ಚನ್ನಯ್ಯನವರು ಒಪ್ಪಲಿಲ್ಲ. ಅಂಚೆಯಲ್ಲಿ ಬಂದ ಚೀಟಿಯನ್ನು ಯಾರೂ ಅಂಟಿಸುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಗೋಂದಿನ ಬಾಟಲಿ, ಚೀಟಿಗಳ ಕಟ್ಟು, ಬಿಡುಗಡೆಗೆ ಬಂದವರ ವಿಳಾಸದ ಹಾಳೆ ಹಿಡಿದು ತಾವೇ ಹೊರಟರು. ಅವಳಿನಗರದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಒಂದು ದಿನ ಹುಬ್ಬಳ್ಳಿ ಕಡೆ, ಒಂದು ದಿನ ಧಾರವಾಡ ಕಡೆ.

ಓಣಿಯಲ್ಲಿ ಮಾತು ಹುಟ್ಟಿತು. ಜಂಗಮರ ಮನೆಯ ಯಜಮಾನರು ದಿನಾ ಕಾನ್ವೆಂಟಿಗೆ ಹೋಗುತ್ತಾರೆ, ಕೈಯಲ್ಲಿ ಶಿಲುಬೆಯ ಚಿತ್ರದ ಪುಸ್ತಕ ಬೇರೆ. ಪಕ್ಕದ ಮನೆಯಾಕೆ ನಾಗರತ್ನಾ ಅವರನ್ನು ನೀರಿನ ನಲ್ಲಿಯ ಹತ್ತಿರ ತಡೆದು, “ಅಯ್ಯನವರು ಚರ್ಚಿಗೆ ಹೊಂಟಾರಂತಲ್ಲಾ?” ಎಂದು ಕೇಳಿದಳು.

“ಚರ್ಚಿಗಲ್ರೀ, ತಪ್ಪೊಪ್ಪಾಕ ಹೊಂಟಾರ,” ಎಂದರು ನಾಗರತ್ನಾ. “ಅರವತ್ತು ಮನಿ ಐತಿ. ಮುಗಿದ ಮ್ಯಾಲೆ ನಿಮ್ಮ ಮನಿಗೂ ಕಳಸ್ತೇನಿ, ಲಗ್ನಪತ್ರಿಕಾ ತಿದ್ದಿದ್ದರ ಲೆಕ್ಕ ಬಾಕಿ ಐತಲ್ಲಾ.”

ವಿದ್ಯಾನಗರದ ಒಬ್ಬರ ಮನೆಯಲ್ಲಿ ಪುಸ್ತಕ ಉಡುಗೊರೆಯ ಬಣ್ಣದ ಕಾಗದದಲ್ಲಿ ಇನ್ನೂ ಹಾಗೇ ಇತ್ತು. ಚನ್ನಯ್ಯನವರು ಕಾಗದ ಬಿಚ್ಚಿ, ಚೀಟಿ ಅಂಟಿಸಿ, ಮತ್ತೆ ಮೊದಲಿನಂತೆಯೇ ಸುತ್ತಿ ಕೊಟ್ಟು ಬಂದರು. ಅಮರೇಶ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚೀಟಿಯನ್ನು ಓದಿ ಕಿವಿ ಕೆಂಪಗೆ ಮಾಡಿಕೊಂಡ. “ಖರೇ ಹೇಳ್ಬೇಕಂದ್ರ ಸರ್, ನಾ ನಲವತ್ತೊಂದನೇ ಪುಟ ಬಿಟ್ಟು ಮುಂದ ಓದೇ ಇರಲಿಲ್ರಿ,” ಎಂದ. ಸಪ್ತಾಪುರದ ಒಬ್ಬ ಹೋಮಿಯೋಪತಿ ಡಾಕ್ಟರಂತೂ ಚೀಟಿ ಅಂಟಿಸಲು ಬಿಡಲೇ ಇಲ್ಲ. ಅವರು ‘ಅರ್ಥವಾಗುತ್ತಾನೆ’ ಎಂಬ ವಾಕ್ಯದ ಕೆಳಗೆ ಗೆರೆ ಎಳೆದು, ಅದರ ಮೇಲೆ ತಮ್ಮ ಕ್ಲಬ್ಬಿನಲ್ಲಿ ಮುಕ್ಕಾಲು ತಾಸು ಭಾಷಣ ಮಾಡಿಬಿಟ್ಟಿದ್ದರು.

“ಅದನ್ನ ಬರದಾವ ಯಾರು?” ಎಂದು ಕೇಳಿದರು.

“ನಾನ್ರಿ.”

“ಛಲೋ ಬರದೀರಿ. ಅದ ಇರ್ಲಿ ಬಿಡ್ರಿ.”

ಜೀವನದಲ್ಲಿ ತಾವು ಸ್ವತಃ ಬರೆದ ವಾಕ್ಯಕ್ಕೆ ಸಿಕ್ಕ ಒಂದೇ ಮೆಚ್ಚುಗೆಯನ್ನು ಚನ್ನಯ್ಯನವರು ಕೈಮುಗಿದು ಬೇಡವೆಂದರು. ಡಾಕ್ಟರು ಒಳಗೆ ಫೋನಿಗೆ ಹೋದಾಗ ಚೀಟಿಯನ್ನು ಸದ್ದಿಲ್ಲದೆ ಅಂಟಿಸಿ ಎದ್ದು ಬಂದರು.

ತೊಂದರೆ ಆದದ್ದು ಪ್ರಶ್ನೆ ಕೇಳುವವರ ಮನೆಗಳಲ್ಲಿ. ಇದರಲ್ಲೇನು ಅಷ್ಟು ವ್ಯತ್ಯಾಸ ಎಂದು ಕೇಳುವರು. ಮೊದಲ ಹತ್ತು ಮನೆಗಳಲ್ಲಿ ಸಿಸ್ಟರ ಒಂದು ಎರಡು ಮೂರನ್ನೇ ಒಪ್ಪಿಸಿದರು. ಹನ್ನೊಂದನೆಯ ಮನೆಯಲ್ಲಿ ಒಬ್ಬ ನಿವೃತ್ತ ಇಂಜಿನಿಯರು, ಹಾಗಾದರೆ ದೇವರು ಅನ್ನುವುದಕ್ಕೂ ನಮಗೆ ಗೊತ್ತಿಲ್ಲ ಅನ್ನುವುದಕ್ಕೂ ಏನು ಫರಕು ಎಂದುಬಿಟ್ಟರು. ಚನ್ನಯ್ಯನವರು ಹುಡುಕಿ ಹೇಳುತ್ತೇನೆಂದು ಎದ್ದರು. ಮನೆಗೆ ಬಂದು ಪುಸ್ತಕ ತೆಗೆದರು. ಕೆಂಪು ಪೆನ್ನನ್ನು ಬೇಕೆಂದೇ ಅಡುಗೆಮನೆಯ ಮಾಡದಲ್ಲಿಟ್ಟು ಬಂದು ಮೊದಲ ಪುಟದಿಂದ ಓದಿದರು. ನಾಲ್ಕು ಸಲ ಕರಡು ನೋಡಿದ ಪುಸ್ತಕ. ಒಂದು ಸಾಲೂ ಓದಿದ ನೆನಪಾಗಲಿಲ್ಲ. ‘ಕರುಣೆ’ ಎಂಬಲ್ಲಿ ಎಷ್ಟು ಕಡೆ ‘ಣ’ದ ಒತ್ತು ನೋಡಿದ್ದೆನೋ, ಕರುಣೆ ಎಂದರೇನೆಂದು ಅಜ್ಜ ಪಕ್ಕದಲ್ಲೇ ಹೇಳುತ್ತಿದ್ದ, ಎಂದು ತಮ್ಮ ಮೇಲೆ ತಾವೇ ಸಿಡುಕಿದರು. ‘ಣ’ಗೆ ಒತ್ತೇ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಇಂಜಿನಿಯರ ಮನೆಗೆ ಮರುವಾರ ಹೋಗಿ, “ನೀವು ಕೇಳಿದ್ದಕ್ಕ ಉತ್ತರ ಹುಡುಕೇನ್ರಿ, ಅರ್ಧಾ ಸಿಕ್ಕೇತಿ, ಅರ್ಧಾ ಸಿಕ್ಕಿಲ್ಲ,” ಎಂದು ಹೇಳಿ ಚಹಾ ಕುಡಿದು ಬಂದರು.

ಎರಡು ತಿಂಗಳು ಹೀಗೆ ಕಳೆಯಿತು. ಪಟ್ಟಿಯ ಕೊನೆಯ ಹೆಸರು ದಾನವ್ವ. ಕಾನ್ವೆಂಟಿನ ಅಡುಗೆಮನೆಯಲ್ಲಿ ರೊಟ್ಟಿ ಮಾಡುವ ಹೆಂಗಸು, ಮನೆ ಉಣಕಲ್ಲಿನ ಕೆರೆಯ ಹಿಂದಿನ ಓಣಿ. ಕ್ರೈಸ್ತಳಲ್ಲ, ಬಿಡುಗಡೆಯ ದಿನ ಉಪ್ಪಿಟ್ಟು ಮಾಡಿದ್ದಕ್ಕೆ ಸಿಸ್ಟರ್ ಪ್ರೀತಿಯಿಂದ ಒಂದು ಪ್ರತಿ ಕೊಟ್ಟಿದ್ದರು. ಓದಿರಲಾರಳು ಎಂದೇ ಚನ್ನಯ್ಯನವರು ಅವಳನ್ನು ಕೊನೆಗಿಟ್ಟಿದ್ದರು. ಆ ಲೆಕ್ಕಾಚಾರವೂ ತಪ್ಪಾಯಿತು.

ದಾನವ್ವ ಬಾಗಿಲಲ್ಲೇ ಕಾಳು ಹಸನು ಮಾಡುತ್ತ ಕೂತಿದ್ದಳು. ಪುಸ್ತಕ ಕೇಳಿದಾಗ ಒಳಗಿನಿಂದ ತಂದಳು. ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಒಂದು ನೂಲಿನ ಎಳೆ ಇಟ್ಟಿತ್ತು.

“ಇಲ್ಲಿಮಟಾ ಓದೇನ್ರಿ ಅಪ್ಪಾರ. ಅಕ್ಷರಾ ಕೂಡಿಸಿ ಕೂಡಿಸಿ. ಆಮ್ಯಾಲೆ ಬಿಟ್ಟೆ.”

“ಯಾಕವಾ?”

“ಇಲ್ಲಿ ಹಿಂಗ ಬರದೈತ್ರಿ. ಉತ್ತರ ಸಿಗುವ ಪ್ರಾರ್ಥನೆಯೇ ಪ್ರಾರ್ಥನೆ ಅಂತ.” ಬೆರಳಿಟ್ಟು ತೋರಿಸಿದಳು. “ನನ್ನ ಮಗಳು ಮೂರ ವರ್ಷದ ಹಿಂದ ಹೋದಳ್ರಿ. ಎಂಟ ತಿಂಗಳು ದವಾಖಾನ್ಯಾಗ. ಸಿದ್ಧಾರೂಢರ ಮಠಕ್ಕ ಹ್ವಾದೆ, ದರ್ಗಾಕ್ಕ ಹ್ವಾದೆ, ಸಿಸ್ಟರ ಹಂತ್ಯಾಕ ಚಾಪೆಲ್ಲಿನ್ಯಾಗ ಕುಂತೆ. ಎಲ್ಲಾ ಕಡೆ ಬೇಡಿಕೊಂಡೆ. ಉಳೀಲಿಲ್ಲ. ಈ ಪುಸ್ತಕಾ ನೋಡಿದ ಮ್ಯಾಲೆ ಅನ್ನಿಸ್ತು, ನಾ ಬೇಡಿದ್ದ ಬೇಡಿದ್ದ ಅಲ್ಲ ಹಂಗಾರ. ನನಗ ಬೇಡೂದ ಬಂದಿಲ್ಲ. ಬಂದಿದ್ರ ಉಳೀತಿದ್ಲು ಅಂತ. ದೊಡ್ಡವರು ಬರದದ್ದು ಸುಳ್ಳ ಇರತೇತೇನ್ರಿ?”

ಕಿವಿಗೆ ಕರ್ಕಶ ಎಂದು ತೆಗೆದ ಒಂದು ‘ಯೂ’. ಎಲ್ಲಿ ಬಂದು ಕೂತಿತ್ತು ಅದು. ಚನ್ನಯ್ಯನವರು ಅಲ್ಲೇ ಕಟ್ಟೆಯ ಮೇಲೆ, ಕಾಳಿನ ಮೊರದ ಪಕ್ಕ ಕೂತರು.

“ಅದನ್ನ ದೊಡ್ಡವರು ಬರದಿಲ್ಲವಾ,” ಎಂದರು. “ನಾ ಬರದೇನಿ. ನಾ ದಡ್ಡ. ಅವರು ಬರದದ್ದು ಬ್ಯಾರೆ.” ಚೀಟಿ ತೆಗೆದು ಓದಲು ಹೋದರು, ಕನ್ನಡಕದ ಗಾಜು ಮಸುಕಾಗಿ ಸಾಲು ಸಿಗಲಿಲ್ಲ. ಸಾಲು ಹೇಗೂ ಬಾಯಿಗೆ ಬರುತ್ತಿತ್ತು. “ಉತ್ತರ ಸಿಗದ ಪ್ರಾರ್ಥನೆಯೂ ಪ್ರಾರ್ಥನೆಯೇ. ಹಂಗ ಐತವಾ ಖರೇದ್ದು.”

“ಇನ್ನೊಮ್ಮೆ ಅನ್ರಿ.”

ಇನ್ನೊಮ್ಮೆ ಅಂದರು.

ದಾನವ್ವ ಮೊರದ ಕಾಳಿನಲ್ಲಿ ಬೆರಳಾಡಿಸಿದಳು. ಆಮೇಲೆ, “ಹಂಗಾರ ಅಂವಾ ಕೇಳ್ಯಾನೇನ್ರಿ?” ಎಂದಳು.

“ಕೇಳ್ಯಾನಂತ ಅಜ್ಜಾರು ಬರದಾರ. ಉತ್ತರಾ ಯಾಕ ಕೊಡಲಿಲ್ಲ ಅನ್ನೂದು ಅವರಿಗೂ ತಿಳೀಲಿಲ್ಲಂತ. ತಿಳೀಲಿಲ್ಲಂತ ಚೊಕ್ಕಾಗಿ ಬರದಾರ. ನಾ ಅದನ್ನ ಹೊಡದ ಹಾಕಿದ್ದೆ.”

“ನೀವು ಬಾಳ ತಪ್ಪ ಮಾಡೀರಿ ಅಪ್ಪಾರ,” ಎಂದಳು ದಾನವ್ವ.

“ಹೌದವಾ.”

ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಗೋಂದು ಹಚ್ಚಿದ ಚೀಟಿಯನ್ನು ತಾನೇ ಇಸಿದುಕೊಂಡು, ಪುಸ್ತಕದ ಹಿಂದೆ ಅಂಟಿಸುವ ಬದಲು ಆ ಪುಟದಲ್ಲೇ, ತಪ್ಪು ವಾಕ್ಯದ ಮೇಲೆ ಸರಿಯಾಗಿ ಕೂಡುವ ಹಾಗೆ ಅಂಟಿಸಿ ಅಂಗೈಯಿಂದ ಒತ್ತಿದಳು.

ಆ ದಿನ ಚನ್ನಯ್ಯನವರು ಬಸ್ಸು ಹತ್ತದೆ ಗೋಪನಕೊಪ್ಪದವರೆಗೆ ನಡೆದೇ ಬಂದರು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ನಾಗರತ್ನಾ ಆ ಸಲ ಚೇಷ್ಟೆ ಮಾಡಲಿಲ್ಲ.

ವರ್ಷದ ನಂತರ ಸಿಸ್ಟರ್ ಇನಾಸಿಯಾ ಎರಡನೆಯ ಸಂಪುಟದ ಫೈಲುಗಳೊಂದಿಗೆ ಮತ್ತೆ ಬಂದಾಗ ಚನ್ನಯ್ಯನವರು ಕೈಯಾಡಿಸಿಬಿಟ್ಟರು. ತಮಗೆ ಕೊಡಬಾರದು, ಆರ್ಜೂಳ ಕೈಯಲ್ಲೇ ನೋಡಿಸಿ ಎಂದರು. “ಆಕೀನೂ ನೋಡ್ತಾಳ, ನೀವೂ ನೋಡ್ರಿ,” ಎಂದರು ಸಿಸ್ಟರ್. “ಈ ಅಜ್ಜಾರನ್ನ ಹುಬ್ಬಳ್ಳಿ ಧಾರವಾಡದಾಗ ನಿಮ್ಮಷ್ಟು ಮನಿ ತಿರುಗಿ ಹೇಳಿದವರು ಯಾರದಾರ್ರಿ?” ಹಾಗೆ ಈಗ ಬುಧವಾರ ಮಧ್ಯಾಹ್ನ ಕಾನ್ವೆಂಟಿನ ಭೇಟಿಕೋಣೆಯಲ್ಲಿ ನಾಲ್ಕು ಜನ ಕೂಡುತ್ತಾರೆ. ಸಿಸ್ಟರ್, ಚನ್ನಯ್ಯನವರು, ಅಂಗಡಿಗೆ ಬೀಗ ಹಾಕಿ ಬರುವ ಆರ್ಜೂ, ರೊಟ್ಟಿಯ ಕೆಲಸ ಮುಗಿಸಿದ ದಾನವ್ವ. ಚನ್ನಯ್ಯನವರು ಒಂದು ಪುಟ ಗಟ್ಟಿಯಾಗಿ ಓದುತ್ತಾರೆ. ತಿಳಿಯದಿದ್ದಲ್ಲಿ ನಿಂತು, “ಇಲ್ಲಿ ನನಗ ತಿಳೀಲಿಲ್ಲ,” ಎನ್ನುತ್ತಾರೆ. ದಿನಕ್ಕೆ ಏಳೆಂಟು ಸಲವಾದರೂ ಅನ್ನುತ್ತಾರೆ, ತಮ್ಮ ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಅನ್ನದೇ ಉಳಿದದ್ದನ್ನು ತೀರಿಸುವವರ ಹಾಗೆ. ಅನ್ನುವಾಗ ಸ್ವಲ್ಪ ಜಂಬವೂ ಇರುತ್ತದೆ ಎಂದು ನಾಗರತ್ನಾ ಹೇಳುತ್ತಾರೆ, ಅದನ್ನು ಅವರು ಅಲ್ಲಗಳೆಯುವುದಿಲ್ಲ.

ಮೊನ್ನೆ ಎರಡನೆಯ ಸಂಪುಟದ ಒಂದು ವಾಕ್ಯದಲ್ಲಿ ಮೂರು ದಿನ ಸಿಕ್ಕಿಬಿದ್ದಿದ್ದರು. ಕೈಬರಹ ನೋಡಿದರು, ಆರ್ಜೂಳನ್ನು ಕೇಳಿದರು, ಕೊನೆಗೆ ಸಿಸ್ಟರಿಗೆ ಫೋನ್ ಮಾಡಿದರು.

“ಸಿಸ್ಟರ್, ಈ ವಾಕ್ಯ ಏನಂತ ತಿಳೀವಲ್ದ್ರಿ. ತಪ್ಪೇನರ ಆಗೇತೇನು?”

ಸಿಸ್ಟರ್ ಓದಿಸಿಕೊಂಡು ಕೇಳಿದರು. “ತಪ್ಪಾಗಿಲ್ರಿ. ನನಗೂ ಅದು ಪೂರ್ತಿ ತಿಳಿದಿಲ್ಲ. ಜರ್ಮನ್ನಿನ್ಯಾಗೂ ಹಂಗ ಐತಿ. ಇದ್ದಂಗ ಬಿಡ್ರಿ.”

ಚನ್ನಯ್ಯನವರು ಇದ್ದ ಹಾಗೆಯೇ ಬಿಟ್ಟರು. ಬಿಟ್ಟು, ಮುಂದಿನ ಸಾಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದನ್ನು ಕಂಡು, ಅದನ್ನು ಹಾಕಬಹುದೇ ಎಂದು ಕೇಳಲು ಮತ್ತೆ ಫೋನ್ ಎತ್ತಿದರು.